ನೆಲೆಯಿಲ್ಲದ ತಾಯಂದಿರು

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಕುಳಿತ ಕುಟುಂಬಗಳನ್ನು ನಮ್ಮ ವಾಚಕರೆಲ್ಲರೂ ನೋಡಿಯೇ ಇರುವರು. ಗೋವೆ, ಪುಣೆ, ಮಂಗಳೂರುಗಳಿಗೆ ದುಡಿಯಹೋಗುವ ಈ ಗುಳೆಯು ನಮ್ಮ ಜಿಲ್ಲೆಗೆ ಹೊಸತಲ್ಲ. ಅದನ್ನು ಕುರಿತು ನಾವು ಹಲವು ಸಾರೆ ಬರೆದಿದ್ದೇವೆ. ಆದರೆ ಆ ಗುಂಪಿನ ಅಂಚಿಗೆ, ಕಂಬಕ್ಕೆ ಒರಗಿ, ಎರಡು ಮೂರು ಮಕ್ಕಳನ್ನು ಸುತ್ತಲೂ ಮಲಗಿಸಿಕೊಂಡು ಕುಳಿತಿರುವ ಹೆಂಗಸನ್ನು ನಾವು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವದಿಲ್ಲ. ಅವಳ ಸಂಗಡ ಗಂಡಸರಾರೂ ಇಲ್ಲ. ಗುಳೆ ಹೋದವರಿಗೆ ಮುಂಗಾರಿಗೆ ಮರಳಿ ಬರಲು ಒಂದು ಮನೆಯಾದರೂ ಉಂಟು. ಇವಳಿಗೆ ಅದೂ ಇಲ್ಲ. ಗಂಡ ಸತ್ತ ಮೇಲೆ ಮೈದುನರು ಹೊರಗೆ ಹಾಕಿದವಳು, ದುಡಿಯಲು ಹೋದ ಗಂಡನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದರಿಂದ ಕೈಬಿಡಲ್ಪಟ್ಟವಳು, ಎಳವೆಯಲ್ಲಿ ದೇವಿಗೆ ಮುತ್ತು ಕಟ್ಟಿಸಿಕೊಂಡು ಮಕ್ಕಳಿಗೆ ತಂದೆಯ ಹೆಸರನ್ನು ಬರೆಸಲಾರದವಳು, ಇಂಥವರ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವದು ಲೇಸು. ಕೆಲವು ವರ್ಷಗಳ ಹಿಂದೆ ಇಂಥ ಅನಾಥ ಸ್ತ್ರೀಯರಿಗೆ ಹೊಲಿಗೆಯ ಯಂತ್ರಗಳನ್ನು ಹಂಚುವ ಸಮಾರಂಭವೊಂದರ ಅಧ್ಯಕ್ಷತೆಯು ನಮ್ಮ ಪಾಲಿಗೆ ಬಂದಿತ್ತು. ಹಾರ ಹಾಕಿಸಿಕೊಂಡೆವು; ಸ್ವಾವಲಂಬನದ ಮಹತ್ವವನ್ನು ಕುರಿತು ಅರ್ಧ ತಾಸು ಮಾತಾಡಿದೆವು. ಮರುವರ್ಷ ವಿಚಾರಿಸಲಾಗಿ, ಆ ಯಂತ್ರಗಳಲ್ಲಿ ಅನೇಕವು ಮಾರಾಟವಾಗಿದ್ದವು. ಸಂಘಟಕರು ಆ ಹೆಂಗಸರ ಕೃತಘ್ನತೆಯ ಬಗ್ಗೆ ನೊಂದುಕೊಂಡರು. ನಾವೂ ತಲೆಯಾಡಿಸಿದೆವೆಂಬದನ್ನು ಮುಚ್ಚಿಡುವದಿಲ್ಲ. ಮನೆಯೇ ಇಲ್ಲದವಳು ಆ ಯಂತ್ರವನ್ನು ರಾತ್ರಿ ಎಲ್ಲಿ ಇಡಬೇಕು, ಮಳೆ ಬಂದರೆ ಬಟ್ಟೆಯನ್ನು ಎಲ್ಲಿ ಮುಚ್ಚಬೇಕು, ಗಾಲಿಗೆ ಕೈ ಹಾಕುವ ಕೂಸನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಯು ವೇದಿಕೆಯ ಮೇಲಿದ್ದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಇದರಲ್ಲಿಯೇ ವಿಷಯದ ತಿರುಳಿದೆ. ಉದ್ಯೋಗವನ್ನು ಮೊದಲು ಕೊಟ್ಟು ಮನೆಯನ್ನು ಆಮೇಲೆ ಅವಳೇ ಮಾಡಿಕೊಳ್ಳಲಿ ಎಂಬುವದು ತಿರುಗುಮುರುಗಾದ ಕ್ರಮವು. ನಮ್ಮ ಭಾಗದ ಹೆಣ್ಣುಮಗಳಿಗೆ ಕೈಗೆಲಸದ ಕೊರತೆಯಿಲ್ಲ. ಜೋಳದ ರೊಟ್ಟಿ ಬಡಿಯುವದನ್ನು ಅವಳಿಗೆ ಯಾವ ತರಬೇತಿ ಕೇಂದ್ರವೂ ಕಲಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯು ಇಂದು ಕಟ್ಟುಕಟ್ಟಾಗಿ ಬೆಂಗಳೂರು, ಪುಣೆಗಳ ಅಂಗಡಿಗಳವರೆಗೆ ಹೋಗುತ್ತಿದೆ. ಕೌದಿ ಹೊಲಿಯುವದು ಅವಳಿಗೆ ತಾಯಿಯಿಂದ ಬಂದ ವಿದ್ಯೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ನಿಂಬೆಯನ್ನು ಆಯುವದಕ್ಕೂ, ಒಣದ್ರಾಕ್ಷಿಯನ್ನು ಹಸನುಗೊಳಿಸುವದಕ್ಕೂ ಹೆಂಗಸರ ಕೈಗಳೇ ಬೇಕು. ಆದರೆ ರೊಟ್ಟಿಗೆ ಒಲೆ ಬೇಕು, ಜೋಳಕ್ಕೆ ಇಲಿ ಮುಟ್ಟದ ಮೂಲೆ ಬೇಕು, ಸುಟ್ಟ ರೊಟ್ಟಿ ಮೆತ್ತಗಾಗದಂತೆ ಒಣಗಿಸಿ ಇಡಲು ಸೋರದ ಮಾಡು ಬೇಕು. ಕೂಲಿಗೆ ಹೋಗಲು ಕೂಸನ್ನು ನೋಡುವವರು ಬೇಕು. ಅಂಗನವಾಡಿಯು ಮೂರು ವರ್ಷ ತುಂಬಿದ ಮಗುವನ್ನು ಹಗಲು ಕೆಲ ತಾಸು ಇಟ್ಟುಕೊಳ್ಳುವದು. ಅದಕ್ಕಿಂತ ಸಣ್ಣದರ ಗತಿಯೇನು? 2023ರಿಂದ ಸರಕಾರವು ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುತ್ತ ಬಂದದ್ದು ಸ್ತುತ್ಯವಾದ ಕೆಲಸವೇ. ಆದರೆ ಊರು ಬಿಟ್ಟು ತಾಲೂಕಿನ ಪೇಟೆಗೆ ಬಂದು ಬಿದ್ದವಳು ಯಾವ ಪಂಚಾಯತಿಗೂ ಸೇರಿದವಳಲ್ಲ.

ಕಾಗದಪತ್ರಗಳ ಮಾತು ಇನ್ನೂ ವಿಚಿತ್ರ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯಂತೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವದಾಯಿತು. ಯಜಮಾನಿಯೆಂದರೆ ಯಾರು? ಪಡಿತರ ಚೀಟಿಯಲ್ಲಿ ಆ ಸ್ಥಾನಕ್ಕೆ ಹೆಸರಿದ್ದವಳು. ಹೊರಗೆ ಹಾಕಲ್ಪಟ್ಟ ಸೊಸೆಯ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲಿಯೇ ಇರುತ್ತದೆ. ಹೀಗಾಗಿ ಹೊರಗೆ ಹಾಕಿದ ಮನೆಗೆ ಹಣ ತಲುಪುವದು, ಹೊರಬಿದ್ದವಳಿಗೆ ಇಲ್ಲ. ಹೆಸರನ್ನು ತೆಗೆಯಿಸಿ ಬೇರೆ ಚೀಟಿ ಮಾಡಿಸಬೇಕಾದರೆ ವಾಸದ ವಿಳಾಸ ಕೇಳುವರು. ಬಸ್ ನಿಲ್ದಾಣದ ಮೂರನೆಯ ಕಂಬ ಎಂದು ಬರೆಯಿಸಲು ಬರುವದೇ? ಈ ಒಂದು ಗಂಟನ್ನು ಬಿಡಿಸುವ ಅಧಿಕಾರವು ತಾಲೂಕಿನ ಕಚೇರಿಗಳಲ್ಲಿಯೇ ಇದೆ. ಅದಕ್ಕೆ ಹೊಸ ಕಾಯಿದೆ ಬೇಡ, ಒಬ್ಬ ಗುಮಾಸ್ತನ ಅರ್ಧ ದಿನದ ಮನಸ್ಸು ಸಾಕು. ಈ ಪತ್ರವನ್ನು ಓದುವ ಅಧಿಕಾರಿಗಳು ಸಿಟ್ಟಾಗಬಾರದು.

ಮಕ್ಕಳ ತಂದೆಯ ಹೆಸರಿನ ಪ್ರಶ್ನೆಯೂ ಹಾಗೆಯೇ. 2015ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗದ ತಾಯಿಯು ಪ್ರಮಾಣಪತ್ರ ಕೊಟ್ಟರೆ ಮಗುವಿನ ಜನನ ದಾಖಲೆಯನ್ನು ಕೊಡಲೇಬೇಕೆಂದೂ, ತಂದೆಯ ಹೆಸರನ್ನು ಹೇಳೆಂದು ಅವಳನ್ನು ಒತ್ತಾಯಿಸಲಾಗದೆಂದೂ ತೀರ್ಪು ಕೊಟ್ಟಿತು. ದೇವದಾಸಿಯರ ಮಟ್ಟಿಗಂತೂ ನಮ್ಮಲ್ಲಿ ಕಾಯಿದೆಗಳಿಗೆ ಬರವಿಲ್ಲ. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗಲೇ 1934ರ ಕಾಯಿದೆಯು ಈ ರೂಢಿಯನ್ನು ನಿಷೇಧಿಸಿತು. 1982ರಲ್ಲಿ ಕರ್ನಾಟಕವು ತನ್ನದೇ ಕಾಯಿದೆ ಮಾಡಿತು. 2025ರಲ್ಲಿ ಮಕ್ಕಳ ಹಕ್ಕು ಹಾಗೂ ಪುನರ್ವಸತಿಗಳನ್ನೂ ಸೇರಿಸಿಕೊಂಡ ಹೊಸ ಮಸೂದೆಯನ್ನು ವಿಧಾನಸಭೆಯು ಅಂಗೀಕರಿಸಿತು. 1993-94ರ ಗಣತಿಯಲ್ಲಿ 22,873 ಜನ, 2007-08ರ ಗಣತಿಯಲ್ಲಿ ಮತ್ತೆ 23,787 ಜನ, ಒಟ್ಟು 46,660 ಮಂದಿಯ ಹೆಸರುಗಳು ರಾಜ್ಯದ ಪಟ್ಟಿಗೆ ಬಂದವು. ವಿಜಯಪುರವು ಆ ಜಿಲ್ಲೆಗಳಲ್ಲೊಂದು. ಪಟ್ಟಿಯಲ್ಲಿ ಹೆಸರಿದ್ದವಳಿಗೆ ಮಾಸಾಶನ, ಮನೆ, ಸಾಲದ ದಾರಿ ಉಂಟು. ಗಣತಿಯ ದಿನ ಸಾಂಗ್ಲಿಯಲ್ಲೋ ಮುಂಬಯಿಯಲ್ಲೋ ಇದ್ದವಳು, ಇಲ್ಲವೆ ನಾಚಿಕೆಯಿಂದ ಬಾಗಿಲು ತೆರೆಯದವಳು ಪಟ್ಟಿಗೂ ಹೊರಗೆ, ಊರಿಗೂ ಹೊರಗೆ.

ಹಾಗಾದರೆ ಆಶ್ರಯಗೃಹಗಳು ಇಲ್ಲವೇ ಎಂದು ಕೆಲವರು ಕೇಳಬಹುದು. ಇವೆ. ಕೇಂದ್ರ ಸರಕಾರದ ಸ್ವಾಧಾರ ಗೃಹಗಳ ನಿಯಮದಂತೆ ತಾಯಿಯೊಡನೆ ಹೆಣ್ಣುಮಕ್ಕಳು ಹದಿನೆಂಟರವರೆಗೂ ಗಂಡುಮಕ್ಕಳು ಎಂಟು ವರ್ಷದವರೆಗೂ ಮಾತ್ರ ಇರಬಹುದಾಗಿತ್ತು. ಈಗ ಅವು ಶಕ್ತಿ ಸದನಗಳೆಂಬ ಹೆಸರು ತಾಳಿದ ಮೇಲೆ ಗಂಡುಮಕ್ಕಳ ವಯಸ್ಸಿನ ಮಿತಿಯನ್ನು ಹನ್ನೆರಡಕ್ಕೆ ಏರಿಸಿದ್ದಾರೆ. ನಿಯಮ ಮಾಡಿದವರ ಭಯವು ನಮಗೆ ಅರ್ಥವಾಗದೆ ಇಲ್ಲ. ಆದರೆ ಹದಿಮೂರರ ಮಗನಿದ್ದ ತಾಯಿಯು ಏನು ಮಾಡಬೇಕು? ಅವನನ್ನು ಬಾಲಮಂದಿರಕ್ಕೆ ಕಳಿಸಿ ತಾನು ಒಳಗೆ ಹೋಗಬೇಕು, ಇಲ್ಲವೆ ಅವನ ಕೈ ಹಿಡಿದು ಹೊರಗೆ ಉಳಿಯಬೇಕು. ಬಹುತರ ತಾಯಂದಿರು ಹೊರಗೆ ಉಳಿಯುವದನ್ನೇ ಆರಿಸಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಮೇಲೆ ಅವನು ಹೋಟೆಲಿನ ತಟ್ಟೆ ತೊಳೆಯಹತ್ತುವನು, ಮತ್ತು ನಾವು ಬಾಲಕಾರ್ಮಿಕರ ವಿಷಯವಾಗಿ ಅಗ್ರಲೇಖ ಬರೆಯುವೆವು.

ಈ ಕೆಲಸಕ್ಕೆ ನಮ್ಮವರಲ್ಲಿಯೇ ಹಳೆಯ ಮಾದರಿಯಿದೆ. ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಕನ್ನಡ ನಾಡಿನ ಸಹ್ಯಾದ್ರಿಯ ಗಂಗಾಮೂಲದಲ್ಲಿ. 1882ರಲ್ಲಿ ಗಂಡನು ತೀರಿಕೊಂಡಾಗ ಅವರ ಕೈಯಲ್ಲಿ ಎಳೆಯ ಮಗಳಿದ್ದಳು. ಅಂದರೆ ಈ ಕಷ್ಟವನ್ನು ಅವರು ಪುಸ್ತಕದಿಂದ ತಿಳಿದವರಲ್ಲ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. 1896-97ರ ಬರಗಾಲದಲ್ಲಿ ಬೀದಿಗೆ ಬಿದ್ದ ವಿಧವೆಯರನ್ನೂ ಮಕ್ಕಳನ್ನೂ ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದರು. ಅಲ್ಲಿ ಮೊದಲು ಅನ್ನ ಮತ್ತು ಮಾಡು, ಅದರ ಸಂಗಡ ಅಕ್ಷರ, ಆ ಮೇಲೆ ನೇಯ್ಗೆ, ಎಣ್ಣೆಯ ಗಾಣ, ಹೈನು, ಅಚ್ಚುಕೂಟ. ಅವರ ಮತಾಂತರದ ಬಗ್ಗೆ ಪುಣೆಯ ಪತ್ರಿಕೆಗಳಲ್ಲಿ ಆಗ ನಡೆದ ಜಗಳವು ಪ್ರಸಿದ್ಧವೇ ಇದೆ, ಅದರ ಗೊಡವೆ ಇಲ್ಲಿ ಬೇಡ. ಮುದ್ರಣದ ಉದ್ಯೋಗದಲ್ಲಿ ಕೂದಲು ನರೆಸಿಕೊಂಡ ನಮಗೆ, ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕಿದ ಆ ಹೆಂಗಸರ ನೆನಪು ಹೆಚ್ಚು ಬೆಲೆಯುಳ್ಳದ್ದು.

ಅಷ್ಟು ಹಿಂದೆ ಹೋಗುವದೇಕೆ? ಇಂಡಿಯ ಜನರು ವ್ಯಾಪಾರಕ್ಕೂ ಔಷಧೋಪಚಾರಕ್ಕೂ ಹೋಗುವ ಸೊಲ್ಲಾಪುರದ ಹೊರಗೆ ಕುಂಭಾರಿಯೆಂಬ ಗ್ರಾಮವಿದೆ. ಅಲ್ಲಿ ಬೀಡಿ ಸುತ್ತುವ ಹೆಂಗಸರು ಸಹಕಾರಿ ಸಂಘ ಕಟ್ಟಿಕೊಂಡು, ವರ್ಷಗಟ್ಟಲೆ ಮೋರ್ಚೆ ತೆಗೆದು, ಕೇಂದ್ರ ಮತ್ತು ರಾಜ್ಯ ಸರಕಾರಗಳಿಂದ ನೆರವು ಪಡೆದು, ತಮ್ಮ ಪಾಲಿನ ಹಣವನ್ನೂ ಹಾಕಿ ಹತ್ತು ಸಾವಿರ ಮನೆಗಳ ವಸತಿಯನ್ನು ಮಾಡಿಕೊಂಡರು. ಗೋದೂತಾಯಿ ಪರುಳೇಕರರ ಹೆಸರಿನ ಆ ವಸತಿಯ ಮನೆಗಳನ್ನು 2006ರ ಸೆಪ್ಟೆಂಬರದಲ್ಲಿ ಪ್ರಧಾನಮಂತ್ರಿ ಮನಮೋಹನ ಸಿಂಗರು ಹಸ್ತಾಂತರಿಸಿದರು. ಅದೇ ಕುಂಭಾರಿಯ ರೇ ನಗರದಲ್ಲಿ 2024ರ ಜನವರಿಯಲ್ಲಿ ಮತ್ತೆ ಹದಿನೈದು ಸಾವಿರ ಮನೆಗಳು ಕಾರ್ಮಿಕರ ಕೈಸೇರಿದವು. ಬೀಡಿಯು ಎದೆಯನ್ನು ತಿನ್ನುವ ಕಸುಬು. ಅದನ್ನು ನಾವು ಹೊಗಳುವದಿಲ್ಲ. ನಾವು ನೋಡಬೇಕಾದದ್ದು ಇಷ್ಟು: ಅಲ್ಲಿ ಭಿಕ್ಷೆಯಾಗಿ ಅಲ್ಲ, ಪಾಲುದಾರಳಾಗಿ ಹೆಣ್ಣುಮಗಳು ಮನೆ ಪಡೆದಳು.

ಇಂಥದು ನಮ್ಮಿಂದಾಗದೆಂದು ಹೇಳುವವರಿಗೆ ಬಾಗೇವಾಡಿಯ ಸೀಮೆಯೇ ಉತ್ತರ ಕೊಡುವದು. ಆಲಮಟ್ಟಿಯ ಹಿನ್ನೀರಿಗೆ ಊರಿಗೆ ಊರೇ ಮುಳುಗಿದಾಗ ಪುನರ್ವಸತಿ ಕೇಂದ್ರಗಳನ್ನು ಅಳೆದು, ರಸ್ತೆ ಎಳೆದು, ನಿವೇಶನ ಹಂಚಿದವರು ನಮ್ಮ ಅಧಿಕಾರಿಗಳೇ. ನೀರಿನಿಂದ ಮನೆ ಕಳಕೊಂಡವರಿಗೆ ಒಂದು ಲೆಕ್ಕ ಹಿಡಿದ ಸರಕಾರವು ಮನುಷ್ಯರಿಂದ ಮನೆ ಕಳಕೊಂಡವಳಿಗೆ ಲೆಕ್ಕ ಹಿಡಿಯಲಾರದೇ? ಹಳೆಯ ನಾಲ್ಕು ತಾಲೂಕುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳು ಹುಟ್ಟಿವೆ. ಪ್ರತಿಯೊಂದಕ್ಕೂ ತಹಶೀಲದಾರರ ಕಚೇರಿಗೆಂದು ಜಾಗ ಹುಡುಕಿದರು. ಜಾಗ ಸಿಕ್ಕಿಯೇ ಸಿಗುವದು.

ನಮ್ಮ ಸೂಚನೆಯು ದೊಡ್ಡದೇನೂ ಅಲ್ಲ. ಸದ್ಯ ನಾಲ್ಕು ಪಟ್ಟಣಗಳಲ್ಲಿ ಒಂದೊಂದು ಅಂಗಳದ ಮನೆ: ಹತ್ತು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ತಾಯಿಯ ಸೆರಗಿನಲ್ಲಿ. ಮಗನ ವಯಸ್ಸನ್ನು ಬಾಗಿಲಲ್ಲಿ ಕೇಳಬಾರದು. ಹೊರಗಿನ ಸಾಲಿನಲ್ಲಿ ರೊಟ್ಟಿಯ ಒಲೆಗಳು, ಒಳಗೆ ತೊಟ್ಟಿಲು, ತೊಟ್ಟಿಲು ತೂಗುವವಳಿಗೂ ಸಂಬಳ. ಎರಡು ಮೂರು ವರ್ಷಗಳೊಳಗೆ ಅವಳ ಸ್ವಂತ ಹೆಸರಿಗೆ ನಿವೇಶನದ ಹಕ್ಕುಪತ್ರ, ಅದಕ್ಕಾಗಿ ಮೊದಲ ತಿಂಗಳಿನಿಂದಲೇ ಅವಳ ಗಳಿಕೆಯಲ್ಲೊಂದು ಸಣ್ಣ ಪಾಲು ಜಮೆ. ವರ್ತಕರು ಜೋಳವನ್ನು ಸಾಲವಾಗಿ ಕೊಡಲಿ, ರೊಟ್ಟಿ ಮಾರಿದ ಮೇಲೆ ಹಣ ಪಡೆಯಲಿ. ಅಡತಿಯ ವ್ಯವಹಾರದಲ್ಲಿ ರೈತರಿಗೆ ಇದಕ್ಕಿಂತ ಹೆಚ್ಚಿನ ಸಾಲವನ್ನು ಅವರು ದಿನಾಲು ಕೊಡುತ್ತಲೇ ಇದ್ದಾರೆ. ವಕೀಲ ಬಂಧುಗಳು ವಾರದಲ್ಲೊಂದು ಸಾಯಂಕಾಲ ಬಂದು ಜೀವನಾಂಶದ ಅರ್ಜಿಗಳನ್ನು ಬರೆದುಕೊಡಲಿ.

ಬಸವಣ್ಣನವರು ಹುಟ್ಟಿದ ಊರಿನಲ್ಲಿ ಪ್ರತಿವರ್ಷ ಜಯಂತಿಯ ದಿನ ಕಾಯಕದ ಮೇಲೆ ಭಾಷಣಗಳಾಗುತ್ತವೆ. ನಮಗೂ ಕರೆ ಬರುತ್ತದೆ. ಈ ಸಲ ಭಾಷಣದ ಮೊದಲು ಬಾಗೇವಾಡಿಯ ಮನೆಗಾಗಿ ಚಂದಾಪಟ್ಟಿಯೊಂದನ್ನು ಸಭೆಯಲ್ಲಿ ತಿರುಗಿಸಬೇಕೆಂದಿದ್ದೇವೆ. ಹೊಲಿಗೆಯ ಯಂತ್ರದ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡದ್ದರ ದಂಡವೆಂದು ಮೊದಲ ಹೆಸರು ನಮ್ಮದೇ ಇರುವದು.