‘ಸಲಿಗೆಯಿಂದ’ ಎಂದರೆ ಹೇಗೆ?



ನಿವೃತ್ತರಾಗುತ್ತಿರುವ ಅಧ್ಯಾಪಕರೊಬ್ಬರನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ನೀವು ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ‘ಅವರು ವಿದ್ಯಾರ್ಥಿನಿಯರೊಡನೆ ಸಲಿಗೆಯಿಂದ ವರ್ತಿಸುತ್ತಿದ್ದರು’ ಎಂದು ಬರೆದಿರಿ. ನಿಮ್ಮ ಉದ್ದೇಶ ಹೊಗಳುವುದು. ಓದಿದವರಿಗೆ ಮಾತ್ರ ಅದು ದೂರಿನಂತೆ ಕಾಣುತ್ತದೆ. ಒಂದೇ ಒಂದು ಕ್ರಿಯಾವಿಶೇಷಣದಿಂದ ಒಳ್ಳೆಯವರೊಬ್ಬರ ಹೆಸರು ಕೆಡಬಹುದು. ಹೀಗೇಕೆ?

‘ಸಲಿಗೆ’ ನಾಮಪದ. ‘ಇಂದ’ ಪ್ರತ್ಯಯ ಸೇರಿದಾಗ ಕ್ರಿಯೆ ನಡೆದ ರೀತಿಯನ್ನು ಹೇಳುತ್ತದೆ. ‘ಸಲುಗೆ’ ಎಂದೂ ಬರೆಯುತ್ತಾರೆ, ಎರಡೂ ಸರಿಯೇ. ಇದನ್ನು ಹೋಲುವ ‘ಸಲುಗೈ’ ಎಂಬ ಪದ ತಮಿಳಿನಲ್ಲಿದೆ. ಅಲ್ಲಿ ಅದಕ್ಕೆ ರಿಯಾಯಿತಿ ಎಂಬ ಅರ್ಥ, ಪ್ರಯಾಣದರದ ರಿಯಾಯಿತಿಗೂ ಅದೇ ಮಾತು. ನಮ್ಮ ಸಲಿಗೆಯಲ್ಲೂ ಒಂದು ರಿಯಾಯಿತಿ ಅಡಗಿದೆ. ನಾವು ಸ್ನೇಹ ‘ಮಾಡುತ್ತೇವೆ’, ಸಲಿಗೆಯನ್ನಾದರೋ ‘ಕೊಡುತ್ತೇವೆ’. ವಯಸ್ಸು, ಸ್ಥಾನ, ಪರಿಚಯ ಇವುಗಳಿಂದಾಗಿ ಇರಬೇಕಾದ ಅಂತರವನ್ನು ಒಬ್ಬರು ತಾವಾಗಿಯೇ ಸಡಿಲಿಸಿದಾಗ ಅದು ಸಲಿಗೆ.

ಮೊಮ್ಮಗಳು ಅಜ್ಜನ ಕನ್ನಡಕ ಕಿತ್ತುಕೊಂಡು ಓಡುವುದು ಸಲಿಗೆಯಿಂದ. ಅಜ್ಜ ಕೊಟ್ಟ ಸಲಿಗೆ ಅದು. ಸೊಸೆ ಅತ್ತೆಯೊಡನೆ ಸಲಿಗೆಯಿಂದ ಮಾತನಾಡುತ್ತಾಳೆ ಎಂದರೆ ಇಬ್ಬರಿಗೂ ಮೆಚ್ಚುಗೆಯೇ. ಮೇಲಿರುವವರು ಕೊಟ್ಟು ಕೆಳಗಿರುವವರು ಪಡೆದಾಗ ಈ ಪದಕ್ಕೆ ಕಳಂಕವಿಲ್ಲ. ಅಧಿಕಾರವುಳ್ಳವರೇ ಸಲಿಗೆ ತೆಗೆದುಕೊಂಡರೆ ಎದುರಿನವರಿಗೆ ಬೇಡವೆನ್ನುವುದು ಕಷ್ಟ. ಅಧ್ಯಾಪಕರ ಬಗೆಗಿನ ವಾಕ್ಯ ಕಿವಿಗೆ ಚುಚ್ಚುವುದು ಇದರಿಂದಲೇ. ಹೊಸ ಗುಮಾಸ್ತ ಮೇಲಧಿಕಾರಿಯ ಹೆಗಲ ಮೇಲೆ ಕೈಹಾಕಿದರೂ ತಪ್ಪೇ, ಆದರೆ ಅದಕ್ಕೆ ಜನ ನಗುತ್ತಾರೆ, ಅಷ್ಟೆ.

ಸಲಿಗೆಯ ಮೊದಲ ಗುರುತು ‘ನೀನು’. ತಂದೆಯನ್ನು ‘ನೀವು’ ಎಂದು, ತಾಯಿಯನ್ನು ‘ನೀನು’ ಎಂದು ಕರೆಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! 12ನೆಯ ಶತಮಾನದ ವಚನಕಾರರೂ 16ನೆಯ ಶತಮಾನದ ಪುರಂದರದಾಸರೂ ದೇವರನ್ನು ಏಕವಚನದಲ್ಲೇ ಮಾತನಾಡಿಸಿದರು. ದಾಸರಂತೂ ವಿಠಲನನ್ನು ಗದರಿಸಿಯೂ ಬಿಡುತ್ತಾರೆ. ಅದು ಅಗೌರವವೆಂದು ಯಾರಿಗೂ ಅನ್ನಿಸುವುದಿಲ್ಲ. ಅದೇ ‘ನೀನು’ ಬಸ್ಸಿನಲ್ಲಿ ಅಪರಿಚಿತರ ಬಾಯಿಂದ ಬಂದರೆ ಜಗಳವೇ ಆದೀತು.

ಹಾಗಾದರೆ ನಿಮ್ಮ ಲೇಖನದಲ್ಲಿ ಏನೆಂದು ಬರೆಯಬೇಕು? ‘ಆತ್ಮೀಯವಾಗಿ’ ಎಂದರೆ ಸಾಕು, ಅದರಲ್ಲಿ ಹತ್ತಿರವೂ ಇದೆ, ಮರ್ಯಾದೆಯೂ ಇದೆ. ‘ಸಲಿಗೆ’ಯೇ ಬೇಕೆನಿಸಿದರೆ ವಾಕ್ಯದ ದಿಕ್ಕು ತಿರುಗಿಸಿ: ‘ಅವರೊಡನೆ ನಾವು ಸಲಿಗೆಯಿಂದ ಮಾತನಾಡಬಹುದಾಗಿತ್ತು.’