ಬಟ್ಟೆಯ ಹುಡ್ಡಿನ ವಾಹನ: ದಾರಿಯ ಸದ್ದು, ಡಿಕ್ಕಿಯ ರಕ್ಷಣೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ನಮ್ಮ ಹಿರಿಯರು ಸವಾರಿ ಬಂಡಿ ಹೂಡಿ ಜಾತ್ರೆಗೋ ಮದುವೆಗೋ ಹೊರಡುವ ಮುನ್ನ ಮೂರು ಕೆಲಸಗಳನ್ನು ತಪ್ಪದೆ ಮಾಡುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಹಾಕುವದು ಮೊದಲನೆಯದು. ಬಂಡಿಯ ತಳಕ್ಕೆ ಹುಲ್ಲು ಹರವಿ ಅದರ ಮೇಲೆ ಕೌದಿ ಹಾಸುವದು ಎರಡನೆಯದು. ಬುತ್ತಿಯ ಗಂಟು, ಬಟ್ಟೆಯ ಪೆಟ್ಟಿಗೆಗಳು ಅಲುಗದಂತೆ ಹಗ್ಗದಿಂದ ಬಿಗಿಯುವದು ಮೂರನೆಯದು. ಕೀಲೆಣ್ಣೆಯಿಂದ ಸದ್ದು ಹುಟ್ಟಿದ ಸ್ಥಳದಲ್ಲಿಯೇ ಅಡಗುತ್ತಿತ್ತು. ಉಳಿದ ಅದುರನ್ನು ಹುಲ್ಲು, ಕೌದಿಗಳು ನುಂಗುತ್ತಿದ್ದವು. ಹಗ್ಗವು ಸಾಮಾನನ್ನು ಕಾಯುತ್ತಿತ್ತು. ಬಂಡಿಯ ಕಾಲ ಸರಿದು ಮೋಟಾರಿನ ಕಾಲ ಬಂದಿದೆ. ಆದರೂ ಬಟ್ಟೆಯ ಹುಡ್ಡಿನ ವಾಹನವುಳ್ಳ ಮನೆತನಗಳಿಗೆ ಹಿರಿಯರ ಈ ಕ್ರಮವೇ ಇಂದಿಗೂ ದಾರಿದೀಪವಾಗಬಲ್ಲದು.

ಮೇಲ್ಛಾವಣಿಯನ್ನು ಮಡಿಚಿ ಹಿಂದಕ್ಕೆ ಸರಿಸಬಹುದಾದ ಕಾರಿಗೆ ಕನ್ವರ್ಟಿಬಲ್ ಎಂದು ಹೆಸರು. ಅಂಥ ಕಾರು ನಮ್ಮ ಸೀಮೆಯಲ್ಲಿ ಅಪರೂಪ. ಅದರ ಸೋದರ ಸಂಬಂಧಿಯಾದ ಹುಡ್ಡಿನ ಜೀಪು ಮಾತ್ರ ನಮಗೆ ಚಿರಪರಿಚಿತ. ಮಹೀಂದ್ರದ ಹಳೆಯ ಜೀಪುಗಳು, 1985ರಲ್ಲಿ ಬಂದ ಮಾರುತಿ ಜಿಪ್ಸಿ, 2020ರ ಅಕ್ಟೋಬರದಲ್ಲಿ ಬಿಡುಗಡೆಯಾದ ಹೊಸ ಥಾರಿನ ಮಡಿಸುವ ಹುಡ್ಡಿನ ಮಾದರಿ ಇವೆಲ್ಲ ಒಂದೇ ಜಾತಿಯವು. ಹೊಲಕ್ಕೂ ಸಂತೆಗೂ ಒದಗುವ ಈ ವಾಹನಗಳ ಮೇಲೆ ಮನೆಯವರ ದೂರು ಎರಡು. ಹಿಂದೆ ಕುಳಿತ ಅಜ್ಜಿಯ ಮಾತು ಮುಂದಿನವರಿಗೆ ಕೇಳಿಸದು. ಹಿಂದೆ ಇಟ್ಟ ಸಾಮಾನು ಇಟ್ಟಂತೆ ಊರು ಮುಟ್ಟದು. ಮದುವೆಯ ಜವಳಿಯೆಂದು ಗಜೇಂದ್ರಗಡದಲ್ಲಿ ಕೊಂಡ ಪಟ್ಟೇದಂಚಿನ ಸೀರೆ ಧೂಳು ಕುಡಿದು ಮನೆ ಸೇರಿದರೆ ತಾಯಂದಿರ ಮನಸ್ಸಿಗೆ ಎಷ್ಟು ನೋವಾಗುವದು! ಈ ಎರಡೂ ದೂರುಗಳ ಬೇರು ಬಹುಮಟ್ಟಿಗೆ ಒಂದೇ ಎಂಬುದನ್ನು ತಿಳಿದರೆ ಪರಿಹಾರ ಸುಲಭವಾಗುವದು.

ಸದ್ದಿನ ಹುಟ್ಟು

ವಾಹನದೊಳಗಿನ ಸದ್ದು ಮುಖ್ಯವಾಗಿ ಮೂರು ದಾರಿಗಳಿಂದ ಬರುವದು. ಟೈರು ರಸ್ತೆಗೆ ಬಡಿದು ಹುಟ್ಟುವ ಸದ್ದು ಗಾಳಿಯ ಮೂಲಕ ಒಳನುಗ್ಗುವದು ಒಂದು. ಗಾಲಿಯ ಅದುರು ಸ್ಪ್ರಿಂಗು, ಚಾಸಿಗಳ ಮೂಲಕ ತಳದ ತಗಡಿಗೆ ತಲುಪಿ, ತಗಡೇ ಹಲಗೆಯಂತೆ ನುಡಿಯುವದು ಇನ್ನೊಂದು. ವೇಗ ಹೆಚ್ಚಿದಾಗ ಹುಡ್ಡಿನ ಅಂಚಿಗೆ ಗಾಳಿ ಬಡಿದು ಪಟಪಟಿಸುವದು ಮೂರನೆಯದು.

ನಮ್ಮ ನೆಲದ ಗುಣವೂ ಇದಕ್ಕೆ ಕೂಡಿಕೊಳ್ಳುವದು. ರೋಣ, ನರಗುಂದಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ಅದರ ಮೇಲಿನ ಡಾಂಬರು ಬೇಗನೆ ಅಲೆಯಲೆಯಾಗಿ ತಗ್ಗುದಿನ್ನೆ ಬೀಳುವದು. ಗಜೇಂದ್ರಗಡದ ಕಡೆ ಗುಡ್ಡದ ದಾರಿ, ಅದರೊಡನೆ ಬೀಸುಗಾಳಿ. ಆ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವದೇ ಗಾಳಿಯ ಬಲಕ್ಕೆ ಸಾಕ್ಷಿ. ನರಗುಂದದ ಮೂಲಕ ಹಾಯುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ವೇಗದ ಸದ್ದು ಕಾಡಿದರೆ, ಒಳದಾರಿಗಳಲ್ಲಿ ಕುಲುಕಾಟದ ಸದ್ದು ಕಾಡುವದು.

ಉಕ್ಕಿನ ಮೇಲ್ಛಾವಣಿ ತಡೆಯುವಷ್ಟು ಸದ್ದನ್ನು ಬಟ್ಟೆಯು ಏಕೆ ತಡೆಯಲಾರದು? ಉತ್ತರವು ತೂಕದಲ್ಲಿದೆ. 0.8 ಮಿಲಿಮೀಟರ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 6 ಕಿಲೋಗ್ರಾಂ ಮೀರಿ ತೂಗುವದು. ಹುಡ್ಡಿನ ಒಂಟಿ ಪದರದ ಬಟ್ಟೆ 1 ಕಿಲೋಗ್ರಾಂ ಆಸುಪಾಸಿನದು. ತಡೆಯ ತೂಕ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುವದೆಂಬುದು ಶಬ್ದಶಾಸ್ತ್ರದ ಸಾಮಾನ್ಯ ನಿಯಮ. ಹೀಗಾಗಿ ಬಟ್ಟೆಯಿಂದ ಉಕ್ಕಿನ ಕೆಲಸವನ್ನು ನಿರೀಕ್ಷಿಸಬಾರದು. ಆದರೆ ಅದೇ ಶಾಸ್ತ್ರ ಇನ್ನೊಂದು ಮಾತನ್ನೂ ಹೇಳುವದು: ತಡೆಯಲ್ಲಿ ನೂರಕ್ಕೆ ಒಂದು ಪಾಲು ಸಂದು ತೆರೆದಿದ್ದರೆ, ಉಳಿದ ಭಾಗ ಎಷ್ಟೇ ಗಟ್ಟಿಯಿರಲಿ, ಸದ್ದು 20 ಡೆಸಿಬೆಲ್ ಮೀರಿ ತಗ್ಗದು. ದುಬಾರಿ ಸಾಮಗ್ರಿಗಿಂತ ಸಂದು ಮುಚ್ಚುವದು ಮೊದಲಾಗಬೇಕೆಂಬುದಕ್ಕೆ ಇದೇ ಕಾರಣ. ಸದ್ದು ಬರುವ ಸಂದಿನಲ್ಲಿಯೇ ಧೂಳೂ ನೀರೂ ಬರುವವು. ಒಂದನ್ನು ತಡೆದರೆ ಮೂರನ್ನೂ ತಡೆದಂತೆ.

ಮೊದಲು ಮೂಲಕ್ಕೆ ಮದ್ದು

ಕೀಲೆಣ್ಣೆಯ ಪಾಠವನ್ನು ಇಲ್ಲಿ ನೆನೆಯೋಣ. ಟೈರಿನ ಗಾಳಿಯನ್ನು ವಾಹನ ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ತಯಾರಕರು ಹೇಳಿದ ಅಳತೆ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನ ಚೀಟಿಯಲ್ಲಿಯೋ ಕೈಪಿಡಿಯಲ್ಲಿಯೋ ಇರುವದು. ಕೆಸರಿಗೆಂದು ಮಾಡಿದ ದೊಡ್ಡ ಗಡ್ಡೆಗಳ ಟೈರು ಡಾಂಬರಿನ ಮೇಲೆ ಗೊಂಯ್‌ಗುಡುವದು ಸಹಜ. ವರ್ಷದ ಬಹುಭಾಗ ಡಾಂಬರು ದಾರಿಯಲ್ಲಿಯೇ ತಿರುಗುವವರು ಮುಂದಿನ ಸಲ ಟೈರು ಕೊಳ್ಳುವಾಗ ರಸ್ತೆಯ ಟೈರನ್ನೇ ಆರಿಸಿಕೊಂಡರೆ ಅರ್ಧ ದೂರು ತೀರಿದಂತೆ.

ವೇಗದೊಂದಿಗೆ ಏರಿ, ತಿರುವಿನಲ್ಲಿ ಬದಲಾಗುವ ಗೊಗ್ಗರು ಸದ್ದು ಗಾಲಿಯ ಬೇರಿಂಗು ಸವೆದುದರ ಸೂಚನೆಯಾಗಿರಬಹುದು. ಅದನ್ನು ಹಾಸಿನಿಂದ ಮುಚ್ಚಬಾರದು. ಗ್ಯಾರೇಜಿನಲ್ಲಿ ತೋರಿಸಲೇಬೇಕು. ಎಲ್ಲ ಸದ್ದೂ ಪೀಡೆಯಲ್ಲ. ಕೆಲವು ಸದ್ದು ಎಚ್ಚರಿಕೆಯ ಗಂಟೆ.

ಸಂದು ಮುಚ್ಚುವ ಬಗೆ

ಸಂದು ಹುಡುಕಲು ಹಣ ಬೇಡ. ರಾತ್ರಿ ಹೊತ್ತು ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ಬ್ಯಾಟರಿ ಹಿಡಿದು ಅಂಚಿನುದ್ದಕ್ಕೂ ಬೆಳಕು ಬಿಟ್ಟರಾಯಿತು. ಬೆಳಕು ಕಂಡಲ್ಲಿ ಸಂದಿದೆ. ಬಾಗಿಲ ರಬ್ಬರ ಬೀಡಿಂಗು ಬಿರಿದಿದ್ದರೆ, ಚಪ್ಪಟೆಯಾಗಿದ್ದರೆ ಬದಲಿಸಬೇಕು. ಚೆನ್ನಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಎಂಜಿನ್ ಎಣ್ಣೆ, ಸಾದಾ ಗ್ರೀಸು ಹಚ್ಚಿದರೆ ರಬ್ಬರು ಉಬ್ಬಿ ಕೆಡುವದು. ಹುಡ್ಡಿನ ಗುಂಡಿ, ಪಟ್ಟಿ, ಜಿಪ್ಪುಗಳು ಬಿಗಿಯಾಗಿದ್ದರೆ ಪಟಪಟ ಸದ್ದು ಬಹಳಷ್ಟು ನಿಲ್ಲುವದು.

ವಿದೇಶದ ಎಷ್ಟೋ ಕನ್ವರ್ಟಿಬಲ್ ಕಾರುಗಳ ಹುಡ್ಡು ಒಂಟಿ ಬಟ್ಟೆಯದಲ್ಲ. ಹೊರಬಟ್ಟೆ, ನಡುವೆ ಮೆತ್ತೆ, ಒಳಬಟ್ಟೆ ಎಂದು ಪದರಗಳಿರುವವು. ಸೀಟು ಹೊಲಿಯುವ ಕಸುಬುದಾರರಿಂದ ನಾವೂ ಬಿಚ್ಚಿ ಹಾಕಬಹುದಾದ ಒಂದು ಒಳಪದರವನ್ನು ಹೊಲಿಸಿಕೊಳ್ಳಬಹುದು. ಅದು ಹುಡ್ಡಿನ ಕಮಾನುಗಳಿಗೆ ಭಾರವಾಗಬಾರದು, ಮಡಿಸುವಾಗ ಸಿಕ್ಕಿಕೊಳ್ಳಬಾರದು.

ತಳದ ಹಾಸು

ಸಂದು ಮುಚ್ಚಿದ ಬಳಿಕ ಹುಲ್ಲು, ಕೌದಿಯ ಸರದಿ. ತಗಡು ನುಡಿಯದಂತೆ ಮಾಡಲು ಅಂಟಿನ ಬ್ಯೂಟೈಲ್ ಹಾಳೆಗಳು ಸಿಗುವವು. ತಗಡನ್ನು ಪೂರ್ಣ ಮುಚ್ಚಬೇಕಾಗಿಲ್ಲ. ಅದರ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಅಂಟಿಸಿದರೂ ಅದುರು ಚೆನ್ನಾಗಿ ತಗ್ಗುವದು. ತಗಡನ್ನು ತೊಳೆದು, ಒಣಗಿಸಿ, ತುಕ್ಕು ತೆಗೆದ ಮೇಲೆಯೇ ಅಂಟಿಸಬೇಕು. ಮೇಲೆ ನೀರು ಹಿಡಿಯದ ಫೋಮು, ಅದರ ಮೇಲೆ ರಬ್ಬರ ಮ್ಯಾಟು. ಹಳೆಯ ಕೌದಿಯೂ ಸದ್ದನ್ನು ನುಂಗಬಲ್ಲದು. ಆದರೆ ಒದ್ದೆಯಾದರೆ ಬೇಗ ಒಣಗದು, ಕೆಳಗಿನ ತಗಡಿಗೆ ತುಕ್ಕು ತರುವದು. ಆದ್ದರಿಂದ ಬಿಸಿಲಿಗೆ ಹಾಕಲು ಬರುವಂತೆ ಬಿಡಿಯಾಗಿಯೇ ಇರಲಿ. ಸೈಲೆನ್ಸರಿನ ಬಿಸಿ ತಗಲುವಲ್ಲಿ ಯಾವ ಬಟ್ಟೆಯನ್ನೂ ಫೋಮನ್ನೂ ಇಡಬಾರದು.

ಡಿಕ್ಕಿಯ ರಕ್ಷಣೆ

ಕನ್ವರ್ಟಿಬಲ್ ಕಾರುಗಳಲ್ಲಿ ಮಡಿಚಿದ ಹುಡ್ಡು ಸಾಮಾನ್ಯವಾಗಿ ಡಿಕ್ಕಿಯ ಮೇಲ್ಭಾಗಕ್ಕೇ ಇಳಿಯುವದು. ಗುರುತಿನ ಗೆರೆ ಮೀರಿ ಸಾಮಾನು ತುಂಬಿದರೆ ಹುಡ್ಡಿನ ಕಮಾನು ಬಾಗುವದು, ಬಟ್ಟೆ ಹರಿಯುವದು. ಜೀಪಿನಲ್ಲಿ ಬೇರೆ ಡಿಕ್ಕಿಯೇ ಇಲ್ಲ. ಹಿಂದಿನ ಸೀಟಿನ ಹಿಂಭಾಗವೇ ಡಿಕ್ಕಿ. ಅದಕ್ಕೆ ಕಾವಲು ಬಟ್ಟೆಯೊಂದೇ. ಬ್ಲೇಡಿನಿಂದ ಅದನ್ನು ಕೊಯ್ಯುವದು ಕಳ್ಳನಿಗೆ ಕ್ಷಣದ ಕೆಲಸ. ಒಡವೆ, ಕಾಗದಪತ್ರಗಳನ್ನು ಅಲ್ಲಿ ಬಿಟ್ಟು ಇಳಿಯಲೇಬಾರದು. ಬೋಲ್ಟಿನಿಂದ ತಳಕ್ಕೆ ಬಿಗಿದ, ಬೀಗವುಳ್ಳ ಕಬ್ಬಿಣದ ಪೆಟ್ಟಿಗೆಯೊಂದಿದ್ದರೆ ಕಳ್ಳತನಕ್ಕೂ ಧೂಳಿಗೂ ತಡೆಯಾಗುವದು. ಪೆಟ್ಟಿಗೆಯೊಳಗೆ ತೆಳುವಾದ ರಬ್ಬರು ಹಾಸಿದರೆ ಅದೂ ಗಡಗಡಿಸದು.

ತಳಕ್ಕೆ ಅಂಚು ಎತ್ತರಿಸಿದ ರಬ್ಬರಿನ ತಟ್ಟೆ ಹಾಕಿದರೆ ಸೋರಿದ ಎಣ್ಣೆ, ಕೆಸರು ತಗಡಿಗೆ ತಾಗದು. ಅದನ್ನು ಆಗಾಗ ಎತ್ತಿ ಕೆಳಗಿನ ಪಸೆಯನ್ನು ಒರೆಸಬೇಕು. ನೀರು ಹರಿದುಹೋಗಲೆಂದು ಬಿಟ್ಟ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಎರೆಮಣ್ಣಿನ ಧೂಳು ಅಲ್ಲಿ ಕಟ್ಟಿಕೊಂಡರೆ ಮೊದಲ ಮಳೆಗೇ ನೀರು ನಿಂತು ತುಕ್ಕು ಹಿಡಿಯುವದು. ಮೃದುವಾದ ನಾಯ್ಲಾನ್ ಎಳೆಯಿಂದ ಅವನ್ನು ಬಿಡಿಸಬೇಕು. ಸಾಮಾನನ್ನು ತಳದ ಕೊಂಡಿಗಳಿಗೆ ಕಟ್ಟಬೇಕು. ತಟ್ಟನೆ ಬ್ರೇಕು ಹಾಕಿದಾಗ ಕಟ್ಟದ ಕುಡಗೋಲು, ಗ್ಯಾಸಿನ ಸಿಲಿಂಡರು ಮುಂದೆ ಕುಳಿತ ಮಗುವಿನ ತಲೆಗೆ ಬಡಿಯಬಲ್ಲವು.

ಹುಡ್ಡನ್ನು ಒದ್ದೆಯಿರುವಾಗ ಮಡಿಚಿಡಬಾರದು. ಬೂಷ್ಟು ಹಿಡಿದು ಹೊಲಿಗೆ ಕೊಳೆಯುವದು. ಸೀಮೆಎಣ್ಣೆ, ಪೆಟ್ರೋಲುಗಳಿಂದ ಒರೆಸಬಾರದು. ಸೌಮ್ಯವಾದ ಸಾಬೂನಿನ ನೀರು, ಮೆತ್ತನೆಯ ಬ್ರಶ್ಶು ಸಾಕು. ಪ್ಲಾಸ್ಟಿಕ್ ಕಿಟಕಿಯ ಮೇಲಿನ ಧೂಳನ್ನು ಮೊದಲು ನೀರಿನಿಂದ ತೊಳೆದು ಬಳಿಕ ಒರೆಸಬೇಕು. ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬಿದ್ದು ನೋಟ ಮಬ್ಬಾಗುವದು.

ಒಂದು ಎಚ್ಚರಿಕೆ

ಇಷ್ಟೆಲ್ಲ ಏಕೆಂದು ಹುಡ್ಡನ್ನೇ ಕಿತ್ತು ತಗಡಿನ ಛಾವಣಿ ಬೆಸೆಯಿಸುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವದನ್ನು ನಿಷೇಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಅಂಥ ಕೆಲಸಕ್ಕೆ ಕೈಹಾಕಬಾರದು.

ಸದ್ದನ್ನು ಸಹಿಸಿಕೊಂಡರಾಯಿತೆಂದು ಯುವಕರು ಹೇಳುವರು. ಮೂರು ಅಡಿ ದೂರದವರಿಗೆ ಕೇಳಿಸಲು ಧ್ವನಿ ಏರಿಸಬೇಕಾದರೆ ಆ ಸದ್ದು 85 ಡೆಸಿಬೆಲ್ ಸಮೀಪಿಸಿರಬಹುದು. ಅಷ್ಟು ಸದ್ದಿನಲ್ಲಿ ದಿನಕ್ಕೆ 8 ತಾಸು ಮೀರಿ ಇರಬಾರದೆಂದೂ, 88ಕ್ಕೆ ಏರಿದರೆ 4 ತಾಸು ಮಾತ್ರವೆಂದೂ ಆರೋಗ್ಯ ತಜ್ಞರು ಎಣಿಸುವರು. ಒಂದು ದಿನ ಕುಳಿತು ಹೋಗುವ ನಮಗಿಂತ, ವರ್ಷವಿಡೀ ದುಡಿಯುವ ಡ್ರೈವರನ ಕಿವಿಗೇ ಇದರ ಪೆಟ್ಟು ಹೆಚ್ಚು. ಆತನೂ ಮನೆಯ ಮಗನಂತೆ ಎಂಬುದನ್ನು ಮರೆಯಬಾರದು.

ಮನೆಯ ಮಂದಿಯೆಲ್ಲ ಒಂದೆಡೆ ಕೂಡುವದೇ ಈಗ ಅಪರೂಪವಾಗಿದೆ. ಪ್ರಯಾಣದ ಒಂದೆರಡು ತಾಸಾದರೂ ಅಜ್ಜಿಯ ಮಾತು ಮೊಮ್ಮಕ್ಕಳಿಗೆ ಕೇಳಿಸಲಿ. ಮುಂದಿನ ಜಾತ್ರೆಗೆ ಹೊರಡುವ ಮುನ್ನ ಟೈರಿನ ಗಾಳಿ, ಬಾಗಿಲ ಬೀಡಿಂಗು, ಡಿಕ್ಕಿಯ ಹಗ್ಗ ಈ ಮೂರನ್ನು ನೋಡಿಕೊಳ್ಳಿರಿ. ಹಿರಿಯರು ಬಂಡಿಗೆ ಮಾಡುತ್ತಿದ್ದುದೂ ಇದನ್ನೇ.