ಡಿಸ್ಚಾರ್ಜ್ ಆದ ಮೇಲೆ ಶುರುವಾಗುವ ಬಿಲ್: ಹಿರಿಯರ ಆರೈಕೆ ಇಷ್ಟು ದುಬಾರಿ ಏಕೆ? ವಿಮೆ ಏಕೆ ಸಿಗಲ್ಲ?

ಮಗ ಪುಣೆಯಲ್ಲಿ, ಮಗಳು ಹೈದರಾಬಾದ್‌ನಲ್ಲಿ. ಧಾರವಾಡದ ಮನೆಯಲ್ಲಿ ಒಬ್ಬರೇ ಇದ್ದ 78 ವರ್ಷದ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಆಪರೇಷನ್ ಆಯಿತು, ಬಿಲ್‌ನ ಬಹುಪಾಲನ್ನು ವಿಮಾ ಕಂಪನಿ ಕಟ್ಟಿತು. ಎಂಟನೇ ದಿನಕ್ಕೆ ಡಿಸ್ಚಾರ್ಜ್. ಸದ್ಯ ಮುಗಿಯಿತಲ್ಲ ಎನ್ನುವ ಹೊತ್ತಿಗೆ ಅಸಲಿ ಖರ್ಚು ಶುರುವಾಗುತ್ತದೆ.

ತಾಯಿಯನ್ನು ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು, ಡೈಪರ್ ಬದಲಿಸಲು, ರಾತ್ರಿ ಮಗ್ಗುಲು ಬದಲಿಸಲು ಸದಾ ಒಬ್ಬರು ಬೇಕು. ಮಕ್ಕಳಿಗೆ ಸಿಗುವ ರಜೆ ಹೆಚ್ಚೆಂದರೆ ಎರಡು ವಾರ. ಕೊನೆಗೆ ಆರೈಕೆ ಕೇಂದ್ರದ ಹುಡುಕಾಟ. ಅಲ್ಲಿನ ತಿಂಗಳ ಶುಲ್ಕ ಕೇಳಿ ಗಾಬರಿಯಾದರೂ ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯ. ಪಾಲಿಸಿ ತೆಗೆದು ನೋಡಿದರೆ ಇದಕ್ಕೆ ಒಂದು ರೂಪಾಯಿಯೂ ಇಲ್ಲ.

ಗೊಂದಲಕ್ಕೆ ಹೆಸರೂ ಒಂದು ಕಾರಣ. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್‌ಗೋ ಸೇರುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರು ಹಾಸಿಗೆ ಹಿಡಿದ ಹಿರಿಯರು ವರ್ಷಗಟ್ಟಲೆ ಇರುವ ಜಾಗಕ್ಕೆ. ವಿಮೆಯ ದೃಷ್ಟಿಯಲ್ಲಿ ಮೊದಲನೆಯದು ಚಿಕಿತ್ಸೆ, ಎರಡನೆಯದು ಬರೀ ಆರೈಕೆ. ಹಣ ಸಿಗುವುದು ಚಿಕಿತ್ಸೆಗೆ ಮಾತ್ರ.

ಪಾಲಿಸಿಯ ಆ ಒಂದು ಸಾಲು

ಆರೋಗ್ಯ ವಿಮೆಯಲ್ಲಿ ಯಾವುದಕ್ಕೆ ಪರಿಹಾರವಿಲ್ಲ ಎಂಬ ಪಟ್ಟಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಏಕರೂಪದ ಭಾಷೆ ಮತ್ತು ಕೋಡ್ ಕೊಟ್ಟಿತು. ಅದರಲ್ಲಿ ಎಕ್ಸ್‌ಕ್ಲೂಷನ್ 05 ನೋಡಿ. ಸ್ನಾನ, ಬಟ್ಟೆ ತೊಡಿಸುವುದು, ನಡೆದಾಡಿಸುವುದು ಇಂಥ ದಿನನಿತ್ಯದ ಸಹಾಯಕ್ಕೆ ಆಗುವ ಖರ್ಚನ್ನು ಅದು ಹೊರಗಿಡುತ್ತದೆ. ಮನೆಯಲ್ಲಾದರೂ ಅಷ್ಟೇ, ಕೇಂದ್ರದಲ್ಲಾದರೂ ಅಷ್ಟೇ. ತರಬೇತಿ ಪಡೆದ ನರ್ಸ್ ಮಾಡಿದರೂ ಅಷ್ಟೇ. ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಈ ಸಾಲು ಇರುತ್ತದೆ, ಬಹುತೇಕ ಯಾರೂ ಓದಿರುವುದಿಲ್ಲ.

70 ದಾಟಿದ ಎಲ್ಲರಿಗೂ ಆದಾಯ ನೋಡದೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್ ವಿಸ್ತರಣೆ 2024ರ ಅಕ್ಟೋಬರ್‌ನಲ್ಲಿ ಬಂತು. ದೊಡ್ಡ ನೆರವು, ನಿಜ. ಆದರೆ ಅದೂ ಆಸ್ಪತ್ರೆ ದಾಖಲಾತಿಗೆ ಸೀಮಿತ. ಡಿಸ್ಚಾರ್ಜ್ ನಂತರ 15 ದಿನಗಳವರೆಗಿನ ವೆಚ್ಚ ಸೇರುತ್ತದೆ, ಹದಿನಾರನೇ ದಿನದಿಂದ ಮನೆಯವರದೇ ಜವಾಬ್ದಾರಿ.

168 ಗಂಟೆಯ ಲೆಕ್ಕ

ಹಾಗಾದರೆ ಕೇಂದ್ರಗಳು ಅಷ್ಟೊಂದು ಹಣ ಏಕೆ ಕೇಳುತ್ತವೆ? ಬರೀ ಲಾಭಕೋರತನ ಎಂದು ತಳ್ಳಿಹಾಕುವ ಮುನ್ನ ಒಂದು ಸರಳ ಲೆಕ್ಕ ಮಾಡಿ. ವಾರಕ್ಕೆ 168 ಗಂಟೆ. ಒಬ್ಬ ಕೇರ್‌ಟೇಕರ್ ದಿನಕ್ಕೆ 8 ಗಂಟೆಯಂತೆ ಆರು ದಿನ ದುಡಿದರೆ 48 ಗಂಟೆ. ಅಂದರೆ ಒಬ್ಬರು ಸದಾ ಹಾಜರಿರಬೇಕಾದರೆ ಮೂರೂವರೆ ಮಂದಿ ಬೇಕು. ಹಬ್ಬ, ಜ್ವರ, ಊರಿಗೆ ಹೋಗುವುದು ಸೇರಿಸಿದರೆ ನಾಲ್ವರು.

ಒಬ್ಬರಿಗೆ ಸಂಬಳ 18,000 ರೂ. ಎಂದು ಊಹಿಸಿದರೆ ನಾಲ್ವರಿಗೆ 72,000 ರೂ. ಆ ಒಂದು ಜಾಗದ ಕೇರ್‌ಟೇಕರ್ ನಾಲ್ಕು ಹಿರಿಯರನ್ನು ನೋಡಿಕೊಂಡರೆ ತಲಾ 18,000 ರೂ. ಮರೆವಿನ ಕಾಯಿಲೆ ತೀವ್ರವಾಗಿದ್ದು, ಇಬ್ಬರಿಗೆ ಒಬ್ಬರಂತೆ ಬೇಕಾದರೆ ತಲಾ 36,000 ರೂ. ಇದು ಸಂಬಳವಷ್ಟೇ. ಕಟ್ಟಡದ ಬಾಡಿಗೆ, ಊಟ, ನರ್ಸ್, ಡಾಕ್ಟರ್ ಭೇಟಿ, ಬಟ್ಟೆ ಒಗೆಯುವುದು, ಜನರೇಟರ್ ಇನ್ನೂ ಸೇರಿಲ್ಲ. ಡೈಪರ್, ಔಷಧಿ, ಫಿಸಿಯೋಥೆರಪಿಗೆ ಸಾಮಾನ್ಯವಾಗಿ ಪ್ರತ್ಯೇಕ ಬಿಲ್.

ಹೊರಳಾಡಲು ಆಗದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು ಎನ್ನುತ್ತದೆ ವೈದ್ಯಕೀಯ ಸಲಹೆ. ದಿನಕ್ಕೆ ಹನ್ನೆರಡು ಸಲ. ಇದನ್ನು ಮಾಡಲು ಯಂತ್ರವಿಲ್ಲ ಎಂದಲ್ಲ, ಏರ್ ಬೆಡ್ ಇದೆ. ಆದರೆ ಅದೂ ಮನುಷ್ಯರ ಕೈಗೆ ಬದಲಿಯಲ್ಲ. ಶುಲ್ಕ ತೀರಾ ಕಡಿಮೆ ಎಂದಾದರೆ ಎಲ್ಲೋ ಒಬ್ಬ ಕೇರ್‌ಟೇಕರ್ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಅದರ ಫಲ ಬೆನ್ನಿನ ಮೇಲೆ ಹಾಸಿಗೆ ಹುಣ್ಣಾಗಿ ಕಾಣಿಸುತ್ತದೆ.

ಸರ್ಕಾರ ಏನು ಕೊಡುತ್ತದೆ?

ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ ಪ್ರಕಾರ ರಾಜ್ಯ ಸರ್ಕಾರಗಳು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ತೆರೆಯಬಹುದು. ಇಲ್ಲಿರುವುದು 'ಬಹುದು', 'ಬೇಕು' ಅಲ್ಲ. ಅದೂ ನಿರ್ಗತಿಕರಿಗೆ. ಸಾಧಾರಣ ಪಿಂಚಣಿದಾರರ ಕುಟುಂಬ ಇದರಡಿ ಬರುವುದಿಲ್ಲ. ಜೊತೆಗೆ ಬಹಳಷ್ಟು ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ.

ಇದೇ ಕಾಯ್ದೆ ಮಕ್ಕಳಿಂದ ಕೊಡಿಸಬಹುದಾದ ಮಾಸಿಕ ಜೀವನಾಂಶಕ್ಕೆ ಹಾಕಿದ ಗರಿಷ್ಠ ಮಿತಿ 10,000 ರೂ. ಭವಿಷ್ಯ ನಿಧಿಯ ಇಪಿಎಸ್ ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂ.ಗೆ ನಿಗದಿ ಮಾಡಲಾಗಿತ್ತು. ಮೇಲಿನ ಲೆಕ್ಕದ ಪಕ್ಕದಲ್ಲಿ ಈ ಅಂಕಿಗಳನ್ನಿಟ್ಟು ನೋಡಿ.

ಬೇರೆಡೆ ಇದಕ್ಕೆಂದೇ ವಿಮೆ ಇದೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆ ವಿಮೆ ಜಾರಿಗೆ ತಂದವು. ಜಪಾನ್‌ನಲ್ಲಿ 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಆರೈಕೆ ಪಡೆಯುವಾಗ ಸೇವಾ ವೆಚ್ಚದ ಶೇ 10ರಿಂದ 30ರಷ್ಟನ್ನು ಮಾತ್ರ ಕೈಯಿಂದ ಕೊಡಬೇಕು. ನಮ್ಮಲ್ಲಿ ಹತ್ತಿರದ ಉದಾಹರಣೆ ಕೇರಳ. ಅಲ್ಲಿ ಸ್ಥಳೀಯ ಸಂಸ್ಥೆಗಳು ಮತ್ತು ಸ್ವಯಂಸೇವಕರ ಜಾಲದ ಮೂಲಕ ನರ್ಸ್‌ಗಳು ಮನೆ ಬಾಗಿಲಿಗೇ ಹೋಗುತ್ತಾರೆ.

ಭಾರತದಲ್ಲಿ 60 ದಾಟಿದವರ ಪಾಲು 2050ರ ವೇಳೆಗೆ ಶೇ 20 ಮೀರಲಿದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜಿಸಿದೆ.

ಸದ್ಯಕ್ಕೆ ಏನು ಮಾಡಬಹುದು?

ಹಳೆ ತೆರಿಗೆ ಪದ್ಧತಿಯಲ್ಲಿರುವವರು, ಅವಲಂಬಿತ ತಂದೆ ಅಥವಾ ತಾಯಿಗೆ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿದರೆ 75,000 ರೂ. ಕಡಿತ ಪಡೆಯಬಹುದು. ಶೇ 80 ದಾಟಿದ್ದರೆ 1.25 ಲಕ್ಷ ರೂ. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ.

ಕೇಂದ್ರಕ್ಕೆ ಸೇರಿಸುವ ಮುನ್ನ ಡೆಪಾಸಿಟ್ ವಾಪಸಾತಿಯ ಷರತ್ತು, ಪ್ರತ್ಯೇಕ ಬಿಲ್ ಆಗುವ ವಸ್ತುಗಳ ಪಟ್ಟಿ, ಆರೋಗ್ಯ ಹದಗೆಟ್ಟರೆ ಶುಲ್ಕ ಎಷ್ಟು ಏರುತ್ತದೆ ಎಂಬುದನ್ನು ಬರಹದಲ್ಲೇ ಪಡೆದುಕೊಳ್ಳಿ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ರಾತ್ರಿ ಎರಡು ಗಂಟೆಗೆ ಎಷ್ಟು ಹಿರಿಯರಿಗೆ ಎಷ್ಟು ಮಂದಿ ಎಚ್ಚರವಿರುತ್ತಾರೆ? ಆಗುವುದಾದರೆ, ಮುಂಚಿತವಾಗಿ ಹೇಳದೆ ರಾತ್ರಿ ಒಮ್ಮೆ ಹೋಗಿ ನೋಡಿ.